ದೀಪವಿಲ್ಲದೆ ತೆರೆದ ಹಗೇವು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಜೋಳ ನೆಲದೊಳಗೆ ಇರುತ್ತಿತ್ತು. ನಗಬೇಡಿ, ಸುಳ್ಳಲ್ಲ. ಬಾಗಿಲ ಮುಂದಿನ ಅಂಗಳದಲ್ಲಿ ಆಳವಾದ ಕುಣಿ ತೋಡಿ, ಒಳಗೆ ಒಣದಂಟು ಹಾಸಿ, ವರ್ಷದ ಜೋಳ ತುಂಬಿ, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ, ಸುತ್ತಲಿನ ಸಂದಿಗೆ ಬೂದಿ ಕಲಸಿದ ಮಣ್ಣು ಮೆತ್ತಿಬಿಡುತ್ತಿದ್ದರು. ಅದಕ್ಕೆ ಹಗೇವು ಎನ್ನುತ್ತಿದ್ದೆವು. ಬಾಯಿ ಸಣ್ಣದು, ಒಬ್ಬ ಗಂಡಸು ಭುಜ ಕುಗ್ಗಿಸಿಕೊಂಡು ಇಳಿಯುವಷ್ಟು. ಒಳಗೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಇಲಿ ಬರುವುದಿಲ್ಲ, ಕಳ್ಳ ಬರುವುದಿಲ್ಲ, ಮಳೆ ಕೈಕೊಟ್ಟ ವರ್ಷವೂ ಹೊಟ್ಟೆಗೆ ಇರುತ್ತದೆ. ಹಗೇವಿನ ಜೋಳದ ರೊಟ್ಟಿಗೆ ಒಂದು ಹುಳಿ ವಾಸನೆ. ನಮಗೆ ಅದೇ ರೂಢಿ. ಆ ವಾಸನೆ ಇಲ್ಲದ ರೊಟ್ಟಿ ತಿಂದರೆ ಯಾರದೋ ಮನೆಯಲ್ಲಿ ಉಂಡ ಹಾಗೆ ಅನ್ನಿಸುತ್ತಿತ್ತು.

ನಮ್ಮದು ಶಿರೂರಿನ ಆಚೆ ಒಂದು ಸಣ್ಣ ಹಳ್ಳಿ. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ, ನಾನು, ಅಪ್ಪನ ತಮ್ಮ ಕಾಕಾ, ಮತ್ತೆ ಅಪ್ಪನ ತಾಯಿ. ಅವಳನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ತಲೆಮಾರಿನಿಂದ ನಾವು ಬೀರಪ್ಪನ ಒಕ್ಕಲು. ನನಗೆ ಹಾಲುಹಲ್ಲು ಬೀಳುವ ಕಾಲಕ್ಕೆ ಅಪ್ಪ ಮತ್ತು ಕಾಕಾ ಯೇಸುಸ್ವಾಮಿಯನ್ನು ನಂಬಿ ದೀಕ್ಷಾಸ್ನಾನ ಮಾಡಿಸಿಕೊಂಡರು, ಅವರ ಸಂಗಡ ನಾವೂ ಕ್ರಿಸ್ತನವರಾದೆವು. ಆಯಿ ಮಾತ್ರ ಒಲ್ಲೆ ಎಂದಳು. "ಈ ವಯಸ್ಸಿನಾಗ ಹೊಸಾ ದೇವರ ಹೆಸರು ನನ್ನ ಬಾಯಿಗೆ ಹೊಂದೂದಿಲ್ಲ. ನೀವು ಹೋಗ್ರಿ, ನಾ ಮನಿ ಕಾಯ್ತೇನಿ" ಎಂದು ಮೂಲೆ ಹಿಡಿದು ಕೂತಳು. ಯಾರೂ ಬಲವಂತ ಮಾಡಲಿಲ್ಲ.

ಹಗೇವು ತೆರೆಯುವುದಕ್ಕೆ ಮೊದಲಿನಿಂದ ಒಂದು ಪದ್ಧತಿ ಇತ್ತು. ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಆಮೇಲೆ ಕಲ್ಲು ಸರಿಸುವುದು. ಬಾಯಿ ತೆರೆದು ಬಹಳ ಹೊತ್ತು ಹಾಗೇ ಬಿಡುವುದು. ಕಡೆಗೆ ಒಂದು ದೀಪ ಹಚ್ಚಿ ಹಗ್ಗಕ್ಕೆ ಕಟ್ಟಿ ಒಳಗೆ ಇಳಿಸುವುದು. ದೀಪ ಉರಿಯುತ್ತಿದ್ದರೆ ಭೂತಾಯಿ ಬಾ ಎಂದಳು, ಇಳಿಯಬಹುದು. ಆರಿದರೆ ಒಲ್ಲೆ ಎಂದಳು, ಅವತ್ತು ಯಾರೂ ಕಾಲಿಡುವ ಹಾಗಿಲ್ಲ. ನಾವು ಕ್ರಿಸ್ತನವರಾದ ಮೇಲೆ, ಭಾನುವಾರಕ್ಕೊಮ್ಮೆ ಬಂದು ಪ್ರಾರ್ಥನೆ ನಡೆಸುವ ಉಪದೇಶಿಯವರು ಕಲ್ಲು ಮಣ್ಣಿಗೆ ಪೂಜೆ ಮಾಡಬೇಡಿ ಎಂದು ಬುದ್ಧಿ ಹೇಳಿದರು. ನಮ್ಮವರು ಅರಿಷಿಣ ಬಿಟ್ಟರು, ಕಾಯಿ ಬಿಟ್ಟರು, ಅದರ ಬೆನ್ನಿಗೆ ದೀಪವನ್ನೂ ಬಿಟ್ಟರು. ಇದರಲ್ಲಿ ಪೂಜೆ ಎಷ್ಟು, ಕೆಲಸ ಎಷ್ಟು ಎಂದು ಯಾರೂ ಬಿಡಿಸಿ ನೋಡಲಿಲ್ಲ. ಉಪದೇಶಿಯವರು ಮಂಗಳೂರು ಕಡೆಯವರು, ಹಗೇವು ಅವರು ಕಂಡದ್ದಲ್ಲ. ಹಿಂದಿನ ಬೇಸಿಗೆಯಲ್ಲಿ ಕಾಕಾ ದೀಪವಿಲ್ಲದೆ ಇಳಿದು, ಜೋಳ ತೆಗೆದು, ನಗುತ್ತ ಮೇಲೆ ಬಂದಿದ್ದ. ಏನೂ ಆಗಿರಲಿಲ್ಲ. ಅದೇ ಕೆಡುಕಾಯಿತು.

ಕಾಕಾ ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನೂ ಮದುವೆಯಾಗದ ಹುಡುಗ. ಎತ್ತರ ಆಳು, ನಗುಮುಖ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದ. ಭಾನುವಾರದ ಪ್ರಾರ್ಥನೆಯ ಸಭೆಯಲ್ಲಿ ಅವನಷ್ಟು ಚಂದ ಹಾಡುವವರು ಇರಲಿಲ್ಲ. ಆದರೆ ಅವನಿಗೆ ತಪ್ಪು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಒಮ್ಮೆ ಉಪದೇಶಿಯವರು, ಹಾಡನ್ನು ಅಷ್ಟು ಎಳೆಯಬೇಡ ತಮ್ಮಾ, ಮುದುಕರಿಗೆ ಉಸಿರು ಸಾಲುವುದಿಲ್ಲ ಎಂದರು. ಅಷ್ಟೇ. ಕಾಕಾ ಎಷ್ಟೋ ವಾರ ಪ್ರಾರ್ಥನೆಯ ಕಡೆ ತಲೆ ಹಾಕಲಿಲ್ಲ. ಅಪ್ಪನಿಗೂ ಸಿಟ್ಟು ಕಡಿಮೆ ಇರಲಿಲ್ಲ. ಎತ್ತನ್ನು ಮೊಳೆ ಬಡಿದ ಕೋಲಿನಿಂದ ಚುಚ್ಚುತ್ತಾನೆ ಎಂದು ಅದೇ ಉಪದೇಶಿಯವರು ಎಲ್ಲರ ಮುಂದೆ ಗದರಿಸಿದಾಗ ಅಪ್ಪನ ಮುಖ ಕೆಂಪಾಗಿ ಕಪ್ಪಾಯಿತು. ಮನೆಗೆ ಬಂದು ಉಣ್ಣಲಿಲ್ಲ, ಯಾರ ಸಂಗಡವೂ ಮಾತಾಡಲಿಲ್ಲ. ಸಂಜೆ ಎದ್ದು ಹೋಗಿ ಕೋಲಿನ ಮೊಳೆ ಕಿತ್ತ. ಅಪ್ಪನದು ಹಾಗೆ. ಮೊದಲು ಉರಿಯುತ್ತಿದ್ದ, ಆಮೇಲೆ ಕೇಳುತ್ತಿದ್ದ.

ಆ ವರ್ಷ ಅಕ್ಕನ ಮದುವೆ ಗೊತ್ತಾಗಿತ್ತು. ಮಳೆ ಹಿಡಿದುಕೊಂಡು ಸುರಿದು ನಿಂತಿತ್ತು. ಗೋಡೆಗಳೆಲ್ಲ ಹಸಿ, ಅಂಗಳದಲ್ಲಿ ಪಾಚಿ. ಮದುವೆಯ ಹಿಟ್ಟಿಗೆ ಜೋಳ ಬೇಕಿತ್ತು. ಬೀಸಿಕೊಡಲು ಓಣಿಯ ಹೆಣ್ಣುಮಕ್ಕಳು ಬೆಳಗ್ಗೆಯೇ ಬಂದು ಪಡಸಾಲೆಯಲ್ಲಿ ಬೀಸುವ ಕಲ್ಲುಗಳ ಮುಂದೆ ಕಾಲು ಚಾಚಿ ಕೂತಿದ್ದರು.

ನಾನು ಅಂಗಳದಲ್ಲಿ ಹಗೇವಿನ ಕಲ್ಲಿನ ಮೇಲೆ ಕೂತೆ. ದಿನಾ ಕೂರುವ ಜಾಗ. ಇನ್ನೂ ಬಿಸಿಲು ಬಿದ್ದಿರಲಿಲ್ಲ, ಸುತ್ತಲ ನೆಲ ತಣ್ಣಗೆ ಕೊರೆಯುತ್ತಿತ್ತು, ಕಲ್ಲು ಮಾತ್ರ ಬೆಚ್ಚಗಿತ್ತು. ಜ್ವರ ಬಂದವರ ಮೈ ಮುಟ್ಟಿದ ಹಾಗೆ. ನಮ್ಮ ನಾಯಿ ರಾತ್ರಿಯೆಲ್ಲ ಆ ಕಲ್ಲಿನ ಮೇಲೆ ಮಲಗುತ್ತಿತ್ತು, ಕೆಲವು ದಿನದಿಂದ ಅದು ಗೋಡೆಯ ಬುಡಕ್ಕೆ ಹೋಗಿ ಮಲಗುತ್ತಿದ್ದುದನ್ನು ನಾನು ನೋಡಿದ್ದೆ. ಆಯಿಗೆ ಹೇಳಿದೆ. ಅವಳು ಬಂದು ಅಂಗೈ ಇಟ್ಟು ನೋಡಿದಳು. ಕೈಯನ್ನು ಸೀರೆಗೆ ಒರೆಸಿಕೊಂಡಳು. ಮಣ್ಣಿನ ಮೆತ್ತಿಗೆಯಲ್ಲಿ ಬಿದ್ದ ಬಿರುಕಿಗೆ ಮೂಗು ಹಚ್ಚಿದಳು. ಆಮೇಲೆ ಅಪ್ಪನನ್ನೂ ಕಾಕಾನನ್ನೂ ಕರೆದಳು.

"ಒಳಗ ನೀರು ಹೊಕ್ಕೈತಿ. ಜೋಳಾ ಕಾವಿಗೆ ಬಂದೈತಿ. ಇವತ್ತ ಬಾಯಿ ತಗದು ಬಿಡ್ರಿ. ನಾಳೆ ದೀಪಾ ಇಳಿಸಿ ನೋಡಿ, ಉರದ್ರ ಇಳೀರಿ."

"ನಾಳಿಗಿ ಅಂದ್ರ ಹ್ಯಾಂಗಬೇ" ಎಂದ ಕಾಕಾ. "ಇಷ್ಟು ಮಂದಿ ಬೀಸಾಕ ಬಂದು ಕುಂತಾರ."

"ಕುಂತವರು ಎದ್ದು ಹೋಗ್ತಾರ. ಅವರ ಕಾಲು ಗಟ್ಟಿ ಅದಾವ."

ಅಪ್ಪನಿಗೂ ಅವಳ ಮಾತು ಹಿಡಿಸಲಿಲ್ಲ. ಮದುವೆಯ ಮನೆ, ಕೆಲಸ ಸಾವಿರ. ಅಣ್ಣ ತಮ್ಮ ಸೇರಿ ಮಣ್ಣು ಕೆರೆದು ಹಾರೆ ಹಾಕಿ ಕಲ್ಲು ಎತ್ತಿದರು. ಒಳಗಿನಿಂದ ಬಂದ ವಾಸನೆ ನನಗೆ ಈಗಲೂ ಮರೆತಿಲ್ಲ. ಹಳಸಿದ ಅಂಬಲಿ, ಹೆಂಡ, ಒದ್ದೆ ಕಂಬಳಿ, ಎಲ್ಲ ಒಂದೇ ಗಡಿಗೆಯಲ್ಲಿ ಕೊಳೆತ ಹಾಗೆ. ಪಡಸಾಲೆಯ ಹೆಂಗಸರು ಸೆರಗು ಮೂಗಿಗೆ ಹಿಡಿದರು. ಬಾಯಿಯೊಳಗೆ ಬಗ್ಗಿ ನೋಡಿದರೆ ಕತ್ತಲು. ಬರೀ ಕತ್ತಲು, ಶಬ್ದ ಇಲ್ಲ.

ಕಾಕಾ ಧೋತರ ಮೇಲೆ ಕಟ್ಟಿದ. ಆಯಿ ಅಡ್ಡ ನಿಂತಳು. ಆಗ ಪಡಸಾಲೆಯಿಂದ ಎದುರುಮನೆಯವಳು ನಗುತ್ತ ಕೇಳಿದಳು, "ಯಾಕ್ರಿ, ಹಗೇವು ಇಳಿಯಾಕ ಮುಹೂರ್ತ ನೋಡಾಕತ್ತೀರೇನು? ನೀವು ಅದನ್ನೆಲ್ಲಾ ಬಿಟ್ಟೀರಂತ ಕೇಳಿದ್ದೆ." ಉಳಿದವರೂ ನಕ್ಕರು. ಕೇಡಿನ ನಗೆಯೇನಲ್ಲ, ಕೂತು ಬೇಜಾರಾದವರ ನಗೆ. ಆದರೆ ಅದು ಕಾಕಾನಿಗೆ ಮುಳ್ಳಿನ ಹಾಗೆ ನಾಟಿತು.

"ದೀಪಾ ಗೀಪಾ ಏನೂ ಬ್ಯಾಡ" ಎಂದ. "ಅದೆಲ್ಲಾ ಹಿಂದ ಬಿಟ್ಟು ಬಂದೇವಿ. ಅವ್ವಾ, ನೀ ಇನ್ನೂ ಕತ್ತಲ್ಯಾಗ ಅದಿ."

"ಕತ್ತಲ್ಯಾಗ ಅದೇನಿ ಅಂತನ ದೀಪಾ ಕೇಳಾಕತ್ತೇನಿ" ಎಂದಳು ಆಯಿ. "ಅದು ದೇವರಿಗಲ್ಲೋ ಮಗನ, ಗಾಳಿಗೆ. ಒಳಗ ಕೆಟ್ಟ ಝಳಾ ನಿಂತಿದ್ರ ದೀಪಾ ಸಾಯತೈತಿ. ದೀಪಾ ಸತ್ತಲ್ಲಿ ಮನಿಷ್ಯಾ ಬದಕೂದಿಲ್ಲ."

"ಹೋದ ಸಲಾ ಇಳದಿದ್ದೆ. ಏನಾತು?"

"ಹೋದ ಸಲಾ ಜೋಳಾ ಒಣಗಿತ್ತು."

"ಸ್ವಾಮಿ ನನ್ನ ಸಂಗಡ ಅದಾನ. ದೀಪಾ ಇಳಿಸಿದ್ರ ಅವನ್ನ ನಂಬಲಿಲ್ಲ ಅಂದಂಗ ಆಗತೈತಿ."

ಆಯಿ ಅವನನ್ನು ಬಿಟ್ಟು ಅಪ್ಪನ ಕಡೆ ತಿರುಗಿದಳು. ಓಣಿಯ ಹೆಂಗಸರ ಮುಂದೆ, ಮದುವೆ ಗೊತ್ತಾದ ಮಗಳ ಮುಂದೆ, ಸಣ್ಣವನನ್ನು ಬೈದ ಹಾಗೆ ಬೈದಳು. "ನೀ ಹಿರ್‍ಯಾವ. ಬಾಯಿ ಮುಚ್ಕೊಂಡು ನಿಂತೀಯಲ್ಲ. ನಿನ್ನ ತಲಿಮ್ಯಾಲ ನೀರು ಹಾಕಿದವರು ಬುದ್ಧಿನೂ ತೊಳದು ಬಿಟ್ರೇನು? ಹೋಗು, ಕಂದೀಲು ಹಚ್ಚಿಕೊಂಡು ಬಾ."

ಅಪ್ಪನ ದವಡೆ ಅಲುಗುತ್ತಿತ್ತು. ನಾನು ಅವನ ಕಾಲ ಹತ್ತಿರವೇ ಇದ್ದೆ, ಮುಷ್ಟಿ ಬಿಗಿಯಾದದ್ದು ಕಂಡೆ. ಈಗ ಹೊಡೆಯುತ್ತಾನೆ ಎಂದುಕೊಂಡೆ. ಅವನು ತಮ್ಮನಿಗೆ "ನಿಂದ್ರು, ಬಂದೆ" ಎಂದಷ್ಟೇ ಹೇಳಿ ತಲೆ ತಗ್ಗಿಸಿ ಒಳಗೆ ಹೋದ. ಕಂದೀಲಿನಲ್ಲಿ ಎಣ್ಣೆ ಇರಲಿಲ್ಲ. ಒಳಗೆ ಅವನು ಎಣ್ಣೆ ಬುಡ್ಡಿ ಹುಡುಕುವ ಸದ್ದು, ಡಬ್ಬಿಗಳನ್ನು ಸಿಟ್ಟಿನಿಂದ ಕುಕ್ಕುವ ಸದ್ದು ಅಂಗಳಕ್ಕೆ ಕೇಳಿಸುತ್ತಿತ್ತು.

ಕಾಕಾ ನಿಲ್ಲಲಿಲ್ಲ. "ಅಣ್ಣಾ ದೀಪಾ ತರೂದ್ರಾಗ ಒಂದು ಚೀಲಾ ಜೋಳಾ ಮ್ಯಾಲ ಇರತೈತಿ, ನೋಡ್ರಿ" ಎಂದು ಹೆಂಗಸರ ಕಡೆ ನಕ್ಕು ಬಾಯಿಯ ಅಂಚಿನಲ್ಲಿ ಕೂತ. ಆಯಿ ಅವನ ರಟ್ಟೆ ಹಿಡಿದಳು. ಅವನು ಒರಟಾಗಿ ಕಿತ್ತುಕೊಳ್ಳಲಿಲ್ಲ. ನಗುತ್ತಲೇ ಅವಳ ಬೆರಳು ಒಂದೊಂದಾಗಿ ಬಿಡಿಸಿದ. ಕಾಲು ಇಳಿಬಿಟ್ಟ, ಸೊಂಟ ಹೋಯಿತು, ಭುಜ ಹೋಯಿತು. ತಲೆ ಕಾಣದಾದಾಗ ಹಾಡಲು ಶುರುಮಾಡಿದ. ಭಾನುವಾರ ಹಾಡುವ ಹಾಡೇ. ನೆಲದೊಳಗಿನಿಂದ ಬರುವ ದನಿ ಗಡಿಗೆಯೊಳಗೆ ಮಾತಾಡಿದ ಹಾಗೆ ದೊಡ್ಡದಾಗಿ ಕೇಳಿಸಿತು. ಅವನು ಒಂದು ಕಡೆ ದನಿ ಏರಿಸಿ ಎಳೆಯುವ ಜಾಗ ಇತ್ತು. ಎಳೆದ. ಅಲ್ಲಿಗೇ ನಿಂತಿತು.

ಉಸಿರು ತೆಗೆದುಕೊಳ್ಳುತ್ತಿದ್ದಾನೆ ಎಂದು ನಾನು ಕಾದೆ. ಮೆತ್ತಗೆ ಏನೋ ಬಿದ್ದ ಸದ್ದಾಯಿತು, ತುಂಬಿದ ಚೀಲ ಒರಗಿದ ಹಾಗೆ. ಮತ್ತೆ ಏನೂ ಇಲ್ಲ.

ಆಯಿ ಬಾಯಿಗೆ ಮುಖ ಒಡ್ಡಿ ಅವನನ್ನು ಕರೆದಳು. ಎರಡನೇ ಸಲ ಕರೆಯಲಿಲ್ಲ.

ಅಪ್ಪ ಕಂದೀಲು ಹಚ್ಚಿಕೊಂಡು ಹೊರಗೆ ಬಂದ. ನಮ್ಮೆಲ್ಲರ ಮುಖ ನೋಡಿದ, ತಮ್ಮ ಇಲ್ಲದ್ದು ನೋಡಿದ. ಕಂದೀಲನ್ನು ಕೆಳಗೆ ಇಟ್ಟು ಓಡಿ ಬಂದು ಕಾಲನ್ನು ಹಗೇವಿನೊಳಗೆ ಹಾಕಿದ. ಆಗ ಆಯಿ ಅವನ ತಲೆಗೂದಲು ಹಿಡಿದು ಹಿಂದಕ್ಕೆ ಜಗ್ಗಿ ಕಪಾಳಕ್ಕೆ ಹೊಡೆದಳು. ಮುದುಕಿಯ ಕೈ, ಆದರೆ ಸದ್ದು ಅಂಗಳಕ್ಕೆಲ್ಲ ಕೇಳಿಸಿತು.

"ಬಿಡಬೇ" ಎಂದ ಅಪ್ಪ. "ಅವ ಸಾಯಾಕತ್ತಾನ."

"ಗೊತ್ತೈತಿ. ನನ್ನ ಮಗಾನ ಅವನೂ. ಒಂದು ಹೋತು. ಎರಡನೇದ್ದು ನಾ ಕೊಡೂದಿಲ್ಲ. ದೀಪಾ ಇಳಸು."

ಮಕ್ಕಳೇ, ಇದನ್ನು ಸ್ವಲ್ಪ ನಿಂತು ನೋಡಿ. ಕೆಳಗೆ ಬೆನ್ನಿಗೆ ಹುಟ್ಟಿದ ತಮ್ಮ. ಹಾರಿದರೆ ಕೈಗೆ ಸಿಗುವಷ್ಟು ಹತ್ತಿರ. ಬೇಡ ಎನ್ನುವವಳು ಮುದುಕಿ, ಅದೂ ಸಭೆಗೆ ಸೇರದವಳು. ಎಂಥವನಿಗೂ ಆಗ ಕಿವಿ ಇರುವುದಿಲ್ಲ. ಅಪ್ಪ ಅವಳ ಮುಖ ನೋಡಿದ. ನೋಡುತ್ತ ನೋಡುತ್ತ ಕಾಲು ಹೊರಗೆ ತೆಗೆದ. ಅವನ ಬಾಯಿಂದ ಒಂದು ದನಿ ಬರುತ್ತಿತ್ತು, ಅಳು ಎನ್ನಲೂ ಬರುವುದಿಲ್ಲ, ಗಾಯವಾದ ದನ ನರಳುವ ಹಾಗೆ. ಆ ದನಿ ಮಾಡುತ್ತಲೇ ಕಂದೀಲಿಗೆ ಹಗ್ಗ ಕಟ್ಟಿದ. ಗಂಟು ಬೀಳುತ್ತಿರಲಿಲ್ಲ, ಅಕ್ಕ ಬಂದು ಕಟ್ಟಿಕೊಟ್ಟಳು. ಕಂದೀಲು ಇಳಿಯಿತು. ಮೊಣಕೈ ಉದ್ದ ಹೋಗಿರಲಿಲ್ಲ, ಬತ್ತಿ ಕೆಂಪಾಗಿ ಆರಿಹೋಯಿತು. ಗಾಳಿ ಇಲ್ಲ, ಏನಿಲ್ಲ. ಯಾರೋ ಬೆರಳಿಂದ ಚಿವುಟಿದ ಹಾಗೆ.

ಆಮೇಲೆ ಓಣಿಯೆಲ್ಲ ಕೂಡಿತು. ಕಂಬಳಿಗೆ ಹಗ್ಗ ಕಟ್ಟಿ ಒಳಗೆ ಬಿಟ್ಟು ಮೇಲೆ ಎಳೆದು, ಬಿಟ್ಟು ಎಳೆದು, ಕೆಟ್ಟ ಗಾಳಿ ಕಡೆದರು. ಎದುರುಮನೆಯವಳು ಎಲ್ಲರಿಗಿಂತ ಜೋರಾಗಿ ಹಗ್ಗ ಎಳೆಯುತ್ತಿದ್ದಳು, ಮುಖ ಮಾತ್ರ ಎತ್ತುತ್ತಿರಲಿಲ್ಲ. ಮತ್ತೆ ಕಂದೀಲು ಇಳಿಸಿದರು, ಆರಿತು. ಮತ್ತೆ ಕಡೆದರು, ಮತ್ತೆ ಆರಿತು. ಹೊತ್ತು ನೆತ್ತಿಗೆ ಬಂದು ವಾಲಿದ ಮೇಲೆ ದೀಪ ತಳದತನಕ ಹೋಗಿ ಉರಿಯುತ್ತ ನಿಂತಿತು. ಆ ಬೆಳಕಿನಲ್ಲಿ ಕಾಕಾ ಕಂಡ. ಮಗ್ಗುಲಾಗಿ, ಕೆನ್ನೆ ಜೋಳದ ಮೇಲಿಟ್ಟು, ಮಲಗಿದವರ ಹಾಗೆ. ಆಗ ಆಯಿ ಅಪ್ಪನಿಗೆ "ಈಗ ಇಳಿ" ಎಂದಳು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅಪ್ಪ ಇಳಿದ, ತಮ್ಮನನ್ನು ಮೇಲೆ ಕಳಿಸಿದ. ಮೈಮೇಲೆ ಒಂದು ಗೀರೂ ಇರಲಿಲ್ಲ.

ಮರುದಿನ ಮಣ್ಣು ಮಾಡಿದೆವು. ಊರಲ್ಲಿ ಕೆಲವರು ಬೀರಪ್ಪನ ಶಾಪ ಎಂದರು. ಆಯಿ ಕೇಳಿಸಿಕೊಂಡು, "ಬೀರಪ್ಪಗ ಮಾಡಾಕ ಬ್ಯಾರೆ ಕೆಲಸ ಇಲ್ಲೇನು" ಎಂದಳು. ಉಪದೇಶಿಯವರು ಸಮಾಧಿಯ ಹತ್ತಿರ ಬಹಳ ಮಾತಾಡಲಿಲ್ಲ. "ದೇವರು ಆಕಾಶದಿಂದ ಕೂಗಿ ನಮ್ಮನ್ನು ತಿದ್ದುವುದಿಲ್ಲ. ಹತ್ತಿರದ ಒಂದು ಬಾಯಿಯಿಂದ ಗದರಿಸುತ್ತಾನೆ. ಆ ದಿನ ತಾಯಿಯ ಬಾಯಿಂದ ಗದರಿಸಿದ. ಅದೂ ಆತನ ಪ್ರೀತಿಯೇ. ಒಬ್ಬ ತಗ್ಗಿದ, ಒಬ್ಬ ತಗ್ಗಲಿಲ್ಲ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಆಯಿ ದೂರ ನಿಂತವಳು ನೆಟ್ಟಗೆ ಉತ್ತರ ಕೊಟ್ಟಳು. "ನನ್ನ ಬಾಯಾಗ ನಿಮ್ಮ ದೇವರು ಬಂದಿದ್ದರ ಚಲೋ ಆತ್ರಿ. ಇನ್ನೊಂದೀಟು ಜೋರಾಗಿ ಬರಬೇಕಿತ್ತು." ಅಂದಿನಿಂದ ನಮ್ಮ ಸಭೆಯ ಎಲ್ಲ ಮನೆಗಳಲ್ಲೂ ಪೂಜೆಯಿಲ್ಲದೆ ದೀಪ ಇಳಿಸುವುದು ರೂಢಿಯಾಯಿತು.

ಮೇಲಿನ ಕೊಳೆತ ಜೋಳ ಕೆರೆದು ಚೆಲ್ಲಿ, ಕೆಳಗಿನದನ್ನು ಬಿಸಿಲಿಗೆ ಹರವಿದೆವು. ಆ ಜೋಳವನ್ನೇ ಉಂಡೆವು. ದುಃಖಕ್ಕೆ ಜೋಳ ಚೆಲ್ಲುವಷ್ಟು ನಮ್ಮಲ್ಲಿ ಇರಲಿಲ್ಲ. ಅಕ್ಕನ ಮದುವೆ ಮುಂದಕ್ಕೆ ಹೋಗಿ, ಸದ್ದಿಲ್ಲದೆ ಆಯಿತು.

ಅಪ್ಪ ಸುಖವಾಗಿ ಇರಲಿಲ್ಲ. ಅದನ್ನೂ ನೀವು ತಿಳಿಯಬೇಕು. ತಮ್ಮ ಸಾಯುವಾಗ ಕಂದೀಲು ಹಿಡಿದು ನಿಂತವ ಎಂದು ಊರವರು ಆಡಿಕೊಂಡರು. ಬಾವಿಯ ಹತ್ತಿರ ಮುಖದ ಮೇಲೆಯೇ ಅಂದವರೂ ಇದ್ದರು. ಅಪ್ಪ ಒಮ್ಮೆ ಉಣ್ಣುವಾಗ ತುತ್ತು ಕೈಯಲ್ಲೇ ಹಿಡಿದು ಆಯಿಯನ್ನು ಕೇಳಿದ, "ಆಗಿಂದಾಗ ನಾ ಇಳದಿದ್ರ ಅವ ಸಿಗ್ತಿದ್ದನೇನಬೇ?"

"ಸಿಗ್ತಿದ್ದ" ಎಂದಳು ಆಯಿ. "ಇಬ್ಬರೂ ಒಂದ ಕಡೆ ಸಿಗ್ತಿದ್ರಿ. ಉಣ್ಣು."

ಅಪ್ಪ ಉಂಡ. ಆಯಿ ಕೊನೆಯತನಕ ದೀಕ್ಷಾಸ್ನಾನ ಮಾಡಿಸಿಕೊಳ್ಳಲಿಲ್ಲ. ಅಪ್ಪ ಅವಳ ಸಲುವಾಗಿ ಪ್ರಾರ್ಥನೆ ಮಾಡುವುದನ್ನೂ ಬಿಡಲಿಲ್ಲ.

ಈಗ ನಿಮ್ಮ ಮನೆಯಲ್ಲಿ ಜೋಳ ತಗಡಿನ ಡಬ್ಬಿಯಲ್ಲಿದೆ. ಬೀಸಲು ಗಿರಣಿ ಇದೆ, ಗುಂಡಿ ಒತ್ತಿದರೆ ಬೆಳಕು. ಹಗೇವು ಎಂದರೆ ನೀವು ನನ್ನ ಮುಖ ನೋಡುತ್ತೀರಿ. ಒಳ್ಳೆಯದೇ ಆಯಿತು, ಆ ಕುಣಿ ಯಾವ ಮಗುವಿಗೂ ಬೇಡ. ನಮ್ಮ ಕಾಲದಲ್ಲಿ ಮಾತು ಕೇಳದವನಿಗೆ ಏನಾಯಿತು ಎಂಬುದು ಹೊತ್ತು ಮುಳುಗುವುದರೊಳಗೆ ಗೊತ್ತಾಗುತ್ತಿತ್ತು. ನಿಮಗೆ ಬಹಳ ವರ್ಷ ಗೊತ್ತಾಗುವುದಿಲ್ಲ, ಅದಕ್ಕೇ ನನಗೆ ನಿಮ್ಮ ಕಾಲ ಹೆಚ್ಚು ಭಯ. ಮೊನ್ನೆ ನಿಮ್ಮ ಅವ್ವ ಗದರಿದಳೆಂದು ನಿಮ್ಮಲ್ಲೊಬ್ಬ ಊಟ ಬಿಟ್ಟು ಕದ ಹಾಕಿಕೊಂಡ. ಯಾರೆಂದು ಹೇಳುವುದಿಲ್ಲ, ಅವನಿಗೆ ಗೊತ್ತು. ಸಿಟ್ಟು ಬರಲಿ. ನಾಚಿಕೆ ಆಗಲಿ. ಕದ ಹಾಕಿಕೊಂಡು ಅಳುವುದಿದ್ದರೆ ಅಳು, ಅದಕ್ಕೆ ದೇವರು ಬೈಯುವುದಿಲ್ಲ. ಅತ್ತು ಮುಗಿಸಿ ಎದ್ದು ಬಂದು ಹೇಳಿದ್ದು ಮಾಡು. ನಮ್ಮಪ್ಪ ಅಳು ಮುಗಿಯುವತನಕವೂ ಕಾಯಲಿಲ್ಲ, ನರಳುತ್ತಲೇ ಕಂದೀಲಿಗೆ ಹಗ್ಗ ಕಟ್ಟಿದ.